ಹತ್ತೊಂಬತ್ತನೇ ಮುಖ

ನಾಲ್ಕು ತಾಲ್ಲೂಕು, ನಾನೂರು ಫ್ಲೆಕ್ಸು, ಒಂದೇ ಒಂದು ಭಾನುವಾರ. ಏಣಿಯಿಲ್ಲದೆ, ಬರಿಗೈಯಲ್ಲಿ ಗಳ ಹಿಡಿದು ಹತ್ತಿ, ಹೊತ್ತು ಮುಳುಗುವುದರೊಳಗೆ ಅಷ್ಟನ್ನೂ ಸರಿಮಾಡಿದವನು ನಾನು. ನಂಬಿಕೆ ಬಾರದಿದ್ದರೆ ಸೂರ್ಯನನ್ನೇ ಕೇಳಿ. ನನ್ನ ಕೆಲಸ ಮುಗಿಯಲಿ ಎಂದು ಅವತ್ತು ಅವನು ಮಾಲೂರಿನ ಇಟ್ಟಿಗೆ ಗೂಡುಗಳ ಹೊಗೆಯ ಮೇಲೆ ಹದಿನೈದು ನಿಮಿಷ ಹೆಚ್ಚಿಗೆ ನಿಂತಿದ್ದ.

ಇಷ್ಟೆಲ್ಲ ಮಾಡಿದ್ದು ಶಿರೀಷಾಗೋಸ್ಕರ. ಅವಳು ಎಡಗಡೆಯ ಹುಬ್ಬು ಒಂದನ್ನೇ ಎತ್ತಿದರೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಹರಾಜು ನಿಂತುಹೋಗುತ್ತಿತ್ತು. ಎರಡೂ ಎತ್ತಿದರೆ ಮಾವು ತಾನಾಗಿಯೇ ಹಣ್ಣಾಗುತ್ತಿತ್ತು. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು. ಈಗ ಎಂಟು ತಿಂಗಳಿಂದ ಸಿವಿಲ್ ಜಡ್ಜ್. ಸ್ವಂತ ಜಿಲ್ಲೆಯಲ್ಲಿ ಕೆಲಸ ಕೊಡುವುದಿಲ್ಲವಲ್ಲ, ಹಾಗಾಗಿ ಮೂರು ಜಿಲ್ಲೆಗಳಾಚೆ ಇದ್ದಳು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ.

ನನ್ನ ಹೆಸರು ವೆಂಕಟ್. ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಪಕ್ಕ ಫ್ಲೆಕ್ಸ್ ಅಂಗಡಿ. ನಮ್ಮ ಕಡೆ ಲೀಡರ್ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಕಟ್ಟುವ ರೀತಿ ನಿಮಗೆ ಗೊತ್ತೇ ಇದೆ. ನಡುವೆ ಲೀಡರ್ ಆಳೆತ್ತರ ಕೈಮುಗಿದು ನಿಂತಿರುತ್ತಾರೆ. ಕೆಳಗೆ 'ಶುಭ ಕೋರುವವರು' ಎಂದು ಬರೆದು ಸಾಲುಸಾಲಾಗಿ ದುಂಡನೆಯ ಚಿಕ್ಕ ಫೋಟೋಗಳು. ಯಾರ ಮುಖ ಯಾರ ಪಕ್ಕ ಬಂತು ಎನ್ನುವುದರ ಮೇಲೆ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ, ಮದುವೆ ಕುದುರಿದ ಮನೆಗಳೂ ಇವೆ. ಪ್ರಿಂಟ್ ಹಾಕುವವನಿಗೆ ಕೊನೆಯ ಸಾಲಿನ ಕೊನೆಯ ಜಾಗ ಪುಕ್ಕಟೆ. ಅಲ್ಲಿ ಎಷ್ಟೋ ವರ್ಷದಿಂದ ನಾನೊಬ್ಬನೇ ಹಲ್ಲು ಕಿರಿಯುತ್ತಿದ್ದೆ.

ಈ ಸಲ ನಮ್ಮ ಲೀಡರ್ ಉಮಾಶಂಕರ್ ಅಣ್ಣನ ಹುಟ್ಟುಹಬ್ಬ ಸೋಮವಾರ ಇತ್ತು. ಶನಿವಾರವೇ ಫ್ಲೆಕ್ಸ್ ಎದ್ದು ನಿಂತವು. ಒಟ್ಟು ಇಪ್ಪತ್ತು ಮುಖ. ಇಪ್ಪತ್ತನೆಯದು ನನ್ನದು. ಹತ್ತೊಂಬತ್ತನೆಯದು ಶಿರೀಷಾಳದು.

ಭಾನುವಾರ ಬೆಳಗ್ಗೆ ಏಳಕ್ಕೆ ಅವಳ ಫೋನ್ ಬಂತು. ರಜೆಗೆ ಊರಿಗೆ ಬಂದಿದ್ದಾಳೆ, ಫ್ಲೆಕ್ಸ್ ನೋಡಿ ಕರಗಿಹೋಗಿದ್ದಾಳೆ ಎಂದುಕೊಂಡೆ. ನನಗೆ ಅದೃಷ್ಟ ತರುವ ಹಳದಿ ಚೌಕುಳಿ ಶರ್ಟ್ ತೊಟ್ಟು, ತಲೆಗೆ ಅರ್ಧ ಬಾಟಲಿ ಎಣ್ಣೆ ಹಚ್ಚಿ ಓಡಿದೆ.

ಬಸ್ ಸ್ಟ್ಯಾಂಡ್ ಮುಂದೆ ಫ್ಲೆಕ್ಸಿನ ನೆರಳಲ್ಲೇ ನಿಂತಿದ್ದಳು. ದುಪ್ಪಟ್ಟಾ ತಲೆ ಮೇಲೆ.

"ಗುಡ್ ಮಾರ್ನಿಂಗ್ ಯುವರ್ ಆನರ್."

ನಗಲಿಲ್ಲ. ಬೆರಳು ಮೇಲಕ್ಕೆ ತೋರಿಸಿದಳು. "ಯಾರೋ ಅದು?"

"ನೀನೇ ಕಣೇ! ಎಷ್ಟ್ ಚೆನ್ನಾಗಿ ಬಂದಿದ್ದೀಯ ನೋಡು."

"ಮೇಲೆ ಏನು ಬರೆದಿದೆ?"

"ಶುಭ ಕೋರುವವರು."

"ನಾನು ಯಾವಾಗ ಕೋರಿದೆ?"

"ಮನಸ್ಸಲ್ಲಿ ಕೋರಿರ್ತೀಯ ಅಂತ..."

"ನನ್ನ ಮನಸ್ಸಲ್ಲಿರೋದನ್ನ ನೀನು ಹತ್ತಡಿ ಎತ್ತರ ಪ್ರಿಂಟ್ ಹಾಕ್ತೀಯಾ? ಫೋಟೋ ಯಾರು ಹಾಕಿದ್ದು?"

ನನ್ನ ನಾಲಿಗೆ ಕೋಲಾರ ಜಿಲ್ಲೆಯಲ್ಲೇ ಅತಿ ವೇಗದ ನಾಲಿಗೆ. ತಲೆಗಿಂತ ಮೊದಲೇ ಅದು ಹೊರಟುಬಿಟ್ಟಿತು. "ಉಮಣ್ಣನ ಕಡೆಯವರು ಲಿಸ್ಟ್ ಕಳಿಸಿದ್ರು. ಫೋಟೋನೂ ಅವರೇ ಕೊಟ್ಟಿದ್ದು. ನಂದು ಬರೀ ಪ್ರಿಂಟು."

ಶಿರೀಷಾ ಫ್ಲೆಕ್ಸ್ ನೋಡಿದಳು. ನನ್ನ ಮುಖ ನೋಡಿದಳು. ನನ್ನ ಶರ್ಟ್ ನೋಡಿದಳು. ಮೊಬೈಲ್ ತೆಗೆದು ಫ್ಲೆಕ್ಸಿನ ಫೋಟೋ ಹಿಡಿದುಕೊಂಡಳು. "ಸರಿ" ಎಂದಳು. ಆ 'ಸರಿ'ಯ ಭಾರ ಸಾಯಂಕಾಲದವರೆಗೆ ನನಗೆ ತಿಳಿಯಲಿಲ್ಲ.

"ಅಷ್ಟೇ ತಾನೇ? ಈಗಲೇ ಹರಿದು ಬಿಸಾಕ್ತೀನಿ ಬಿಡು."

"ಮುಟ್ಬೇಡ. ಹರಿದ್ರೆ ಜಡ್ಜ್ ಅಮ್ಮ ಉಮಣ್ಣಂಗೆ ವಿರೋಧ ಅಂತಾರೆ. ಬಿಟ್ರೆ ಉಮಣ್ಣನ ಕಡೆ ಅಂತಾರೆ. ನಾನು ಯಾವ ಕಡೆಯೂ ಕಾಣಬಾರದು. ನನ್ನ ಮುಖ ಒಂದೇ ಹೋಗ್ಬೇಕು. ಸಾಯಂಕಾಲ ಮಾಲೂರಲ್ಲಿ ನನಗೆ ಟ್ರೇನ್ ಇದೆ. ಅಷ್ಟರೊಳಗೆ ಎಲ್ಲ ಕಡೆಯಿಂದ ಹೋಗ್ಬೇಕು."

ಅಂಗಡಿ ತೆಗೆದು ದುಂಡನೆಯ ಸ್ಟಿಕ್ಕರ್ ಮಾಡಲು ಕೂತೆ. ಬರೀ ಬಿಳಿ ಹಚ್ಚಿದರೆ ಒಳಗೆ ಯಾರಿದ್ದಾರೆ ಎಂದು ಊರೇ ಉಗುರಲ್ಲಿ ಕೆರೆದು ನೋಡುತ್ತದೆ. ಒಂದು ಮುಖ ಬೇಕೇ ಬೇಕು. ಭಾನುವಾರ ಬೆಳಗ್ಗೆ ಕೇಳದೆಯೇ ಸಿಗುವ ಮುಖ ಜಗತ್ತಿನಲ್ಲಿ ಒಂದೇ ಇತ್ತು.

"ನಿಂದೇನಾ?" ಎಂದಳು ಶಿರೀಷಾ.

"ಜಿಲ್ಲೆ ತಡ್ಕೊಳುತ್ತೆ ಬಿಡು."

ಅವಳ ತುಟಿಯ ಒಂದು ಮೂಲೆ ಅಲುಗಾಡಿತು. ಅಷ್ಟಕ್ಕೇ ನನ್ನ ಪ್ರಿಂಟರ್ ಬಣ್ಣ ತಪ್ಪಿತು.

ಶ್ರೀನಿವಾಸಪುರದ ಫ್ಲೆಕ್ಸ್ ಮುಗಿಸಿ ಬೈಕಿನಲ್ಲಿ ಮುಳಬಾಗಿಲಿಗೆ ಹೊರಟೆವು. ಹಿಂದೆ ಕೂತವಳು ಹೆಲ್ಮೆಟ್ ಹಾಕಿದ್ದಳು. ಇಬ್ಬರ ನಡುವೆ ಅವಳ ಬ್ಯಾಗ್. ಗಡಿ ಕಾಯುವ ಸೈನ್ಯವೂ ಅಷ್ಟು ಬಿಗಿಯಾಗಿ ಕೂರುವುದಿಲ್ಲ.

"ನೀನು ದೊಡ್ಡ ಆಫೀಸರ್ ಆದ್ಮೇಲೆ ಬದಲಾಗಿಬಿಟ್ಟೆ ಕಣೇ," ಎಂದೆ. ಎಂಟು ತಿಂಗಳಿಂದ ನುಂಗಿಕೊಂಡಿದ್ದ ಮಾತು. "ಕಾಲೇಜ್ ಗ್ರೂಪ್ ಬಿಟ್ಟೆ. ನನ್ನ ಪೋಸ್ಟಿಗೆ ಒಂದು ಲೈಕ್ ಇಲ್ಲ. ಕೆರೆ ಹೋರಾಟದಲ್ಲಿ ಟ್ರ್ಯಾಕ್ಟರ್ ಹತ್ತಿ ಉಮಣ್ಣನ ಪಕ್ಕ ನಿಂತು ಭಾಷಣ ಮಾಡಿದವಳು ನೀನೇನಾ?"

"ನಾನೇ. ಅದಕ್ಕೇ ಭಯ."

"ಯಾಕೆ?"

"ಬೇರೆ ಯಾವ ಜಡ್ಜ್ ಮುಖ ಹಾಕಿದ್ರೂ ಜನ ನಕ್ಕು ಹೋಗ್ತಾರೆ. ನನ್ನದು ಹಾಕಿದ್ರೆ ನಂಬ್ತಾರೆ ಕಣೋ."

ಮುಳಬಾಗಿಲಿನಲ್ಲಿ ಫ್ಲೆಕ್ಸ್ ಕೆಳಗೇ ಬಚ್ಚಮ್ಮ ಹೂ ಕಟ್ಟುತ್ತಾ ಕೂತಿರುತ್ತಾಳೆ. ನನ್ನನ್ನು ಚಿಕ್ಕಂದಿನಿಂದ ಬಲ್ಲವಳು. ನಾನು ಸ್ಟಿಕ್ಕರ್ ಹಚ್ಚುತ್ತಿದ್ದರೆ ಕತ್ತೆತ್ತಿ ನೋಡಿದಳು.

"ಏಮ್ರಾ ವೆಂಕಟೂ, ಒಬ್ಬನೇ ಎರಡೆರಡು ಸಲ ಶುಭ ಕೋರ್ತಿದ್ದೀಯ? ಒಂದು ಸಲ ಕೋರಿದ್ರೆ ಅಣ್ಣಂಗೆ ಕೇಳಿಸಲ್ವಾ?"

"ಪ್ರೀತಿ ಜಾಸ್ತಿ ಬಚ್ಚಮ್ಮಕ್ಕಾ."

"ಅಲ್ಲಿ ಒಂದು ಹುಡುಗಿ ಇದ್ಲಲ್ಲೋ. ಟ್ರ್ಯಾಕ್ಟರ್ ಮೇಲೆ ನಿಂತು ಮಾತಾಡಿದ್ಲಲ್ಲ, ಅವಳು. ಜಡ್ಜ್ ಆಗಿದ್ದಾಳಂತೆ?" ಹೂವಿನ ದಾರ ಹಲ್ಲಲ್ಲಿ ಕಡಿದಳು. "ನಮ್ಮ ಮನೆಯವರೆಲ್ಲ ಆ ಕಡೆ ಪಾರ್ಟಿ. ಜಮೀನು ಕೇಸು ಹದಿನಾಲ್ಕು ವರ್ಷದಿಂದ ನಡೀತಾ ಇದೆ. ನಿನ್ನೆ ಈ ಬೋರ್ಡ್ ನೋಡಿ ನಮ್ಮನೆಯವರು ಹೇಳಿದ್ರು, ಅಂಥ ಜಡ್ಜ್ ಹತ್ರ ಹೋದ್ರೆ ನಮ್ಮದು ಮುಗೀತು ಬಿಡು ಅಂತ."

ಹೆಲ್ಮೆಟ್ ಅಲುಗಾಡಲಿಲ್ಲ. ಗಾಜಿನ ಹಿಂದೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಅವು ತುಂಬಿಕೊಂಡಿದ್ದವು.

ಊರು ದಾಟಿದ ಮೇಲೆ ಅವಳೇ ಮಾತಾಡಿದಳು. "ನಾನು ನ್ಯಾಯವಾಗೇ ತೀರ್ಪು ಕೊಡಬಹುದು. ಆದ್ರೆ ಸೋತವರು ಕಾನೂನಿಗೆ ಸೋತ್ವಿ ಅಂತ ಮನೆಗೆ ಹೋಗ್ಬೇಕು. ಫ್ಲೆಕ್ಸಿಗೆ ಸೋತ್ವಿ ಅಂತ ಹೋಗಬಾರದು. ಮನೇಲಿ ಕೂತು ಒಂದು ಲೈಕ್ ಒತ್ತಿದ್ರೂ ಅಷ್ಟೇ, ವೆಂಕಟ್. ಈ ಕೆಲಸ ಬೇಕು ಅಂತ ಹಟ ಹಿಡಿದು ಓದಿದವಳು ನಾನು. ಬಾಯಿ ಮುಚ್ಚಿಕೊಳ್ಳೋದೂ ಅದೇ ಹಟದ ಭಾಗ."

ಕೋಲಾರದಲ್ಲಿ ನನ್ನ ಫೋನ್ ಬಡಿದುಕೊಂಡಿತು. ಉಮಾಶಂಕರ್ ಅಣ್ಣ.

"ಲೇ ವೆಂಕಟ, ಜಡ್ಜ್ ಅಮ್ಮನ್ನ ಯಾಕ್ಲಾ ಮುಚ್ತಿದ್ದೀಯ? ಎಷ್ಟು ಚೆನ್ನಾಗಿತ್ತು! ಹಂಗೇ ಬಿಡು. ಎಲೆಕ್ಷನ್ ಪ್ರಿಂಟಿಂಗ್ ಎಲ್ಲ ನಿನಗೇ ಕೊಡೋಣ ಅಂತಿದ್ದೆ."

ನಾನು ಸಿಂಹದ ಹಾಗೆ ಗರ್ಜಿಸಿದೆ. ಅಂತರಗಂಗೆ ಬೆಟ್ಟದ ಕೋತಿಗಳು ಕಿವಿ ಮುಚ್ಚಿಕೊಂಡವು. ಉಮಣ್ಣ ಆ ಕಡೆಯಿಂದ ಕ್ಷಮೆ ಕೇಳಿದರು ಎಂದು ನನ್ನ ನೆನಪು. ಆಮೇಲೆ ಏಣಿಯಿಲ್ಲದೆ... ಅದನ್ನು ಮೊದಲೇ ಹೇಳಿದ್ದೇನೆ.

ಮಾಲೂರು ಮುಗಿಸಿ ಸ್ಟೇಷನ್ ಸೇರುವಾಗ ಬಿಸಿಲು ಕೆಂಪಾಗಿತ್ತು. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಕೂತು ಶಿರೀಷಾ ಹೆಲ್ಮೆಟ್ ತೆಗೆದಳು. ಕೂದಲು ಹಣೆಗೆ ಅಂಟಿತ್ತು. ಮೂಗಿನ ತುದಿಯಲ್ಲಿ ಒಂದು ಬೆವರ ಹನಿ ಬೀಳಲೋ ಬೇಡವೋ ಎಂದು ತೂಗಾಡುತ್ತಿತ್ತು. ನಾನು ಆ ಹನಿಯನ್ನೇ ನೋಡುತ್ತಿದ್ದೆ. ಅವಳು ಬ್ಯಾಗಿನಿಂದ ಒಂದು ಬಿಳಿ ಹಾಳೆ, ಪೆನ್ನು ತೆಗೆದು ನನ್ನ ತೊಡೆಯ ಮೇಲಿಟ್ಟಳು.

"ಫೋಟೋ ಹೇಗೆ ಬಂತು ಅಂತ ಬರೆದುಕೊಡು. ನಾಳೆ ನಮ್ಮ ಜಿಲ್ಲಾ ಜಡ್ಜ್ ಸಾಹೇಬರಿಗೆ ನಾನೇ ಕೊಡ್ತೀನಿ."

"ಎಲ್ಲ ಮುಚ್ಚಿ ಆಯ್ತಲ್ಲ! ಯಾರಿಗ್ ಗೊತ್ತಾಗುತ್ತೆ?"

"ನನಗೆ ಗೊತ್ತಲ್ಲ. ಬೇರೆ ಯಾರೋ ಹೇಳೋ ಮೊದಲು ನಾನೇ ಹೇಳ್ಬೇಕು."

"ನಿನಗೆ ಏನಾದ್ರೂ ಮಾಡಿದ್ರೆ?"

"ಕೇಳ್ತಾರೆ. ಉತ್ತರ ಕೊಡ್ತೀನಿ. ಬರಿ."

'ಉಮಾಶಂಕರ್ ಅವರ ಕಡೆಯವರು ಕಳಿಸಿದ ಲಿಸ್ಟಿನಲ್ಲಿ' ಎಂದು ಶುರುಮಾಡಿದೆ. ಅವಳು ಪೆನ್ನಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿದಳು.

"ಅವರ ಲಿಸ್ಟಿಗೆ ನನ್ನ ಹೆಸರು ಹೇಗೆ ಹೋಯ್ತು ಅಂತ ನನ್ನನ್ನೇ ಕೇಳ್ತಾರೆ. ಈ ಸಾಲಿಂದಲೇ ನನ್ನ ಕೆಲಸ ಹೋಗಬಹುದು. ಯೋಚಿಸಿ ಬರಿ."

ಬೆಳಗ್ಗೆ ಹಿಡಿದ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನನ್ನ ಕಣ್ಣಮುಂದೆ ಹಿಡಿದಳು. ಹತ್ತೊಂಬತ್ತನೇ ಮುಖ. ಅವಳ ಕೆನ್ನೆಯ ಪಕ್ಕ, ವೃತ್ತದ ಅಂಚಿನಲ್ಲಿ, ಬೆರಳಗಲ ಬಟ್ಟೆ ಕಾಣುತ್ತಿತ್ತು. ಹಳದಿ ಚೌಕುಳಿ.

ನಾನು ಕತ್ತು ಬಗ್ಗಿಸಿ ನನ್ನ ಭುಜ ನೋಡಿಕೊಂಡೆ.

"ನನಗೆ ಜಡ್ಜ್ ಪರೀಕ್ಷೆ ರಿಸಲ್ಟ್ ಬಂದ ದಿನ ಕುರುಡುಮಲೆ ಗಣೇಶನ ಗುಡಿ ಮುಂದೆ ಇಬ್ಬರೂ ಸೇರಿ ತೆಗೆಸಿಕೊಂಡ ಫೋಟೋ," ಎಂದಳು. "ಇರೋದು ನಿನ್ನ ಮೊಬೈಲಿನಲ್ಲಿ ಒಂದೇ ಕಡೆ. ನಿನ್ನನ್ನ ಕತ್ತರಿಸಿದ್ದೀಯ, ಭುಜ ಉಳಿಸಿದ್ದೀಯ. ಬೆಳಗ್ಗೆಯಿಂದ ಸಾಕ್ಷಿನ ಮೈಮೇಲೆ ಹಾಕ್ಕೊಂಡು ನನ್ನ ಮುಂದೇನೇ ಓಡಾಡ್ತಿದ್ದೀಯ ಕಣೋ."

"ಬೆಳಗ್ಗೆಯೇ ಗೊತ್ತಿತ್ತಾ? ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯೇನೋ ಅಂತ ಕಾದೆ. ಪೂರ್ತಿ ಕೇಳದೆ ತೀರ್ಮಾನ ಮಾಡಬಾರದಲ್ಲ."

ನನ್ನ ಅತಿ ವೇಗದ ನಾಲಿಗೆ ಮೊದಲ ಸಲ ನಿಂತಿತು. ಇದನ್ನು ಬರೆದರೆ ಉಮಣ್ಣ ಕೇಳದ ಫೋಟೋ ನಾನೇ ಅಂಟಿಸಿದೆ ಎಂದಾಗುತ್ತದೆ. ಇನ್ನು ಅವರ ಕಡೆಯ ಒಂದು ಚೀಟಿಯ ಪ್ರಿಂಟೂ ನನ್ನ ಅಂಗಡಿಗೆ ಬರುವುದಿಲ್ಲ. ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದೆ. ಫೋಟೋ ಹಾಕಿದವನು ನಾನು. ಯಾರೂ ಹೇಳಿರಲಿಲ್ಲ. ಶಿರೀಷಾ ಅವರನ್ನೂ ಕೇಳಿರಲಿಲ್ಲ.

"ಕಾರಣ ಬರೆದಿಲ್ಲ," ಎಂದಳು.

"ಅದನ್ನೂ ಬರೀಬೇಕಾ?"

"ಕಾರಣ ಇಲ್ಲದಿದ್ರೆ ಯಾರು ನಂಬ್ತಾರೆ?"

ಬರೆದೆ. 'ಕಾಲೇಜಿನ ದಿನದಿಂದಲೂ ಅವರ ಪಕ್ಕದಲ್ಲಿ ಇರಬೇಕೆಂದು ಆಸೆ. ಹೇಳಲು ಧೈರ್ಯ ಬರಲಿಲ್ಲ. ಅದಕ್ಕೆ ಪ್ರಿಂಟ್ ಹಾಕಿದೆ.'

ಶಿರೀಷಾ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕಿವಿಯ ತುದಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಇದು ಉತ್ಪ್ರೇಕ್ಷೆಯಲ್ಲ.

"ಒಂದು ಹೇಳ್ತೀನಿ ಕೇಳು," ಎಂದಳು ಹಳಿಗಳ ಕಡೆ ನೋಡುತ್ತ. "ನಾನು ಯಾರಿಗೆ ಓಟು ಹಾಕ್ತೀನಿ ಅಂತ ನಿನಗೆ ಯಾವತ್ತೂ ಹೇಳಲ್ಲ. ನಾಳೆ ಒಂದೇ ಮನೇಲಿದ್ರೂ ಹೇಳಲ್ಲ."

"ಒಂದೇ ಎಲ್ಲಿ?"

"ಕೇಳಿಸ್ತಲ್ಲ."

"ಇನ್ನೊಂದ್ ಸಲ ಹೇಳೇ."

"ನಿನ್ನ ಓಟು ನಿಂದು, ನಿನ್ನ ಮಾತು ನಿಂದು. ಅದಕ್ಕೆ ನನ್ನ ಮುಖ, ನನ್ನ ಹೆಸರು ತಾಗಬಾರದು. ನನ್ನ ಜೊತೆ ಇರಬೇಕು ಅಂದ್ರೆ ಆ ಕೊನೇ ವೃತ್ತದಿಂದ ನೀನೂ ಇಳೀಬೇಕು. ಆಗುತ್ತಾ?"

"ಇಳಿದೆ. ಈಗ ಇಳಿದೆ."

"ರಾಜಕೀಯದ ಬಗ್ಗೆ ಬಾಯಿಬಿಡಬಾರದು ಅಂತ ನನಗೆ ನಿಯಮ ಇದೆ." ಆಗ ನನ್ನ ಕಡೆ ತಿರುಗಿದಳು. ಎಡಗಡೆಯ ಹುಬ್ಬು ಎತ್ತಿದಳು. "ಯಾರನ್ನ ಇಷ್ಟಪಡ್ತೀನಿ ಅನ್ನೋದನ್ನ ಮುಚ್ಚಿಡು ಅಂತ ಯಾವ ನಿಯಮದಲ್ಲೂ ಇಲ್ಲ. ನಮ್ಮ ಮದುವೆಗೆ ಒಂದು ಫ್ಲೆಕ್ಸ್ ಹಾಕು. ಎರಡೇ ಮುಖ. ಶುಭ ಕೋರುವವರು ಬೇಡ."

ಮೂಗಿನ ಮೇಲಿದ್ದ ಆ ಹನಿ ಬಿದ್ದೇಬಿಟ್ಟಿತು.

ಆಮೇಲೆ ಮತ್ತೆ ಜಡ್ಜ್ ಆದಳು. "ಕೊನೇ ಸಾಲು. ಸ್ಟಿಕ್ಕರ್ ಹಚ್ಚಿದ ಫ್ಲೆಕ್ಸ್ ಎಷ್ಟು?"

"ನಾನೂರು."

"ವೆಂಕಟ್."

"ನಲವತ್ತು?"

ಅವಳು ಸುಮ್ಮನೆ ನೋಡಿದಳು. ಆ ನೋಟದ ಮುಂದೆ ಸುಳ್ಳು ಹೇಳಬಲ್ಲ ಗಂಡಸು ಈ ನಾಲ್ಕು ತಾಲ್ಲೂಕಿನಲ್ಲಿ ಹುಟ್ಟಿಲ್ಲ.

ನಾಲ್ಕು. ಊರಿಗೊಂದು, ಕಟ್ಟಿದ್ದೇ ಅಷ್ಟು. ಏಣಿ ಇತ್ತು. ಮೂರನೇ ಮೆಟ್ಟಿಲಿನಲ್ಲಿ ನನ್ನ ಕಾಲು ನಡುಗಿತು. ಕೆಳಗೆ ಏಣಿ ಹಿಡಿದಿದ್ದವಳು ಅವಳೇ. ಉಮಣ್ಣನಿಗೆ ಗರ್ಜಿಸಲಿಲ್ಲ. "ನೆಟ್‌ವರ್ಕ್ ಸಿಗ್ತಿಲ್ಲ ಅಣ್ಣಾ" ಎಂದು ಮೊಬೈಲ್ ಆಫ್ ಮಾಡಿದೆ. ಸೂರ್ಯ ಯಾರಿಗೂ ಕಾಯದೆ ತನ್ನ ಹೊತ್ತಿಗೆ ಮುಳುಗಿದ. ಅವತ್ತು ಹದಿನೈದು ನಿಮಿಷ ತಡಮಾಡಿದ್ದು ಅವಳ ರೈಲು.