ಕಳುವಾದ ಮೊದಲ ಸಾಲು

ಫ್ಲಾಪಿ ಇರಲಿಲ್ಲ.

ಬೆಳಿಗ್ಗೆ ಸಪ್ನಾ ಕಂಪ್ಯೂಟರ್ ಚಾಲೂ ಮಾಡಿದಾಗ ಹಸಿರು ಪರದೆಯ ಮೇಲೆ ಒಂದು ಚುಕ್ಕೆ ಮಿಣುಕುತ್ತ ನಿಂತಿತೇ ಹೊರತು ಮುಂದೆ ಹೋಗಲಿಲ್ಲ. ಡ್ರೈವಿನ ಬಾಯಿ ತೆರೆದಿತ್ತು, ಒಳಗೆ ಖಾಲಿ. ಅವಳು ಮೊದಲು ಕೂಗಿದ್ದು ಅಣ್ಣ ಮನೋಹರನ ಹೆಸರನ್ನು. ಸಹಾಯಕ್ಕಲ್ಲ, ಜಗಳಕ್ಕೆ.

ನಾನು ಶಫೀಕ. ಬೆಟಗೇರಿಯಲ್ಲಿ ಟೀವಿ, ಮಿಕ್ಸರ್ ರಿಪೇರಿ ಅಂಗಡಿ ನನ್ನದು. ಆ ಹಳೇ ಕಂಪ್ಯೂಟರು ಇನ್ನೂ ಜೀವ ಹಿಡಿದಿದ್ದರೆ ಅದು ನನ್ನ ಕೈಗುಣ ಎಂದು ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ಸಪ್ನಾಳ ತಂದೆ ಪ್ರಲ್ಹಾದಣ್ಣ ಕೈಮಗ್ಗದ ನೇಕಾರರು. ಯಾವುದೋ ಶಾಲೆಯ ಹರಾಜಿನಲ್ಲಿ ಅದನ್ನು ಹೊತ್ತು ತಂದಾಗ ಓಣಿಗೆ ಓಣಿಯೇ ನಕ್ಕಿತ್ತು. ಅವರು ಅದರಲ್ಲಿ ಒಂದೇ ಒಂದು ಪ್ರೋಗ್ರಾಂ ಓಡಿಸುತ್ತಿದ್ದರು.

ಪರದೆಯ ಮೇಲ್ತುದಿಯಲ್ಲಿ ಒಂದು ಸಾಲು ಮನೆಗಳು, ಚೌಕಾಬಾರಾದ ಮನೆಗಳ ಹಾಗೆ. ಕೆಲವು ಬೆಳಗಿರುತ್ತವೆ, ಕೆಲವು ಆರಿರುತ್ತವೆ. ಕೆಳಗಿನ ಸಾಲಿನ ಪ್ರತಿ ಮನೆಯೂ ಮೇಲಿನ ಸಾಲಿನಲ್ಲಿ ತನ್ನ ಎಡಕ್ಕಿರುವುದನ್ನೂ ಬಲಕ್ಕಿರುವುದನ್ನೂ ನೋಡುತ್ತದೆ. ಎರಡರಲ್ಲಿ ಒಂದು ಮಾತ್ರ ಬೆಳಗಿದ್ದರೆ ತಾನೂ ಬೆಳಗುತ್ತದೆ, ಇಲ್ಲದಿದ್ದರೆ ಇಲ್ಲ. ನಿಯಮ ಅಷ್ಟೇ. ಆದರೆ ಸಾಲಿನ ಕೆಳಗೆ ಸಾಲು ಇಳಿದಂತೆ ಗೋಪುರದೊಳಗೆ ಗೋಪುರ ಮೂಡುತ್ತ ಹೋಗುತ್ತದೆ. ಎಳೆಗೆ ಎಳೆ ಕೂಡಿಸುವ ಕಸುಬಿನವರಿಗೆ ಅದು ಹುಚ್ಚು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ತಂದೆ ತೀರಿಕೊಂಡ ಮೇಲೆ ಆ ಹುಚ್ಚು ಮಗಳಿಗೆ ಬಂತು. ಮೊದಲ ಸಾಲನ್ನು ಹಾಗೆ ಹೀಗೆ ಬದಲಿಸಿ, ಎಷ್ಟೋ ತಿಂಗಳು ಓಡಿಸಿ ಓಡಿಸಿ, ಸೀರೆಗೆ ಒಪ್ಪುವ ಒಂದು ಅಂಚನ್ನು ಅವಳು ಹಿಡಿದಳು. ಕಪ್ಪು ನೆಲದ ಮೇಲೆ ಕೆಂಪು ಗೋಪುರಗಳು. ಮನೋಹರ ಅದನ್ನು ಮಗ್ಗಕ್ಕೆ ಇಳಿಸಿದ. ಆ ಮೊದಲ ಸೀರೆ ಮಾರಾಟಕ್ಕೆ ಹೋದ ಮೇಲೆ, ಅಂಚು ಹುಟ್ಟುವ ಮೊದಲ ಸಾಲು ಮನೆಯಲ್ಲಿ ಉಳಿದದ್ದು ಫ್ಲಾಪಿಯಲ್ಲಿ ಮಾತ್ರ.

ಅದೇ ವಾರ ಲಕ್ಷ್ಮೇಶ್ವರದಲ್ಲಿ, ಈ ಮನೆಯ ಸೀರೆಗಳನ್ನು ಮಾರಲು ಒಯ್ಯುವ ವ್ಯಾಪಾರಿ ವೀರೇಶನ ಅಂಗಡಿಯಲ್ಲಿ, ಅದೇ ಅಂಚಿನ ಪವರ್‌ಲೂಮ್ ಸೀರೆಗಳು ನೇತಾಡಿದವು. ಮನೋಹರ ಅದಕ್ಕೆ ಮುಂಚೆ ಶಿರಹಟ್ಟಿಯಲ್ಲಿರುವ ವೀರೇಶನ ಪವರ್‌ಲೂಮ್ ಶೆಡ್ಡಿಗೆ ಕೆಲಸ ಕೇಳಿಕೊಂಡು ಹೋಗಿದ್ದ. ಸಪ್ನಾಳಿಗೆ ಇನ್ನೇನು ಬೇಕು? ಅಪ್ಪನ ಹೆಸರನ್ನು ಮಾರಿಕೊಂಡವನು ಈ ಮನೆಯಲ್ಲಿ ಉಣ್ಣಬಾರದು ಎಂದಳು. ಅವನು ಬಂದು ನನ್ನ ಅಂಗಡಿಯಲ್ಲಿ, ಕೆಟ್ಟ ಟೀವಿಗಳ ನಡುವೆ ಮಲಗತೊಡಗಿದ. ಅಣ್ಣ ತಂಗಿ ಇಬ್ಬರನ್ನೂ ಚಡ್ಡಿ ಲಂಗದಿಂದ ನೋಡಿದವನು ನಾನು. ನನಗೆ ತಡೆಯಲಾಗಲಿಲ್ಲ. ಮುಂಡರಗಿಯಿಂದ ನೀಲಗಂಗವ್ವನನ್ನು ಕರೆಸಿದೆ.

ನೀಲಗಂಗವ್ವ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಬಂದವರೇ ಬಾಗಿಲ ಚಿಲಕ ನೋಡಿದರು.

"ಚಿಲಕ ಮುರದಿಲ್ಲ. ಹಿಂದಿನ ದಿನ ಮನ್ಯಾಗ ಯಾರ್ಯಾರು ಬಂದಿದ್ರವಾ?"

ವೀರೇಶ ಬಂದು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲೇ ಕೂತು ಚಹಾ ಕುಡಿದು ಹೋಗಿದ್ದ, ಹೊಸ ಸೀರೆ ಯಾವಾಗ ಎಂದು ಕೇಳಲು. ಮನೋಹರ ಮನೆಯಲ್ಲೇ ಇದ್ದ. ಮತ್ತಾರಾದರೂ ಬಂದಿದ್ದರೇ ಎಂದು ನೀಲಗಂಗವ್ವ ಕೇಳಿದರು.

"ಶಫೀಕಣ್ಣ ಬಂದಿದ್ರು," ಎಂದಳು ಸಪ್ನಾ. "ಫ್ಯಾನ್ ರಿಪೇರಿ ಮಾಡಾಕ."

ನೀಲಗಂಗವ್ವ ನನ್ನ ಕಡೆ ತಿರುಗಿದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ಫ್ಯಾನಿಗೆ ಏನಾಗಿತ್ತು, ಎಷ್ಟು ಹೊತ್ತು ಒಬ್ಬನೇ ಇದ್ದೆ, ನೇಯ್ದ ಸೀರೆಯನ್ನು ಕಂಡಿದ್ದೆನೋ — ಎಲ್ಲ ಕೇಳಿದರು. ಪರದೆಯ ಮೇಲೆ ಕಂಡಿದ್ದೆ, ಸೀರೆ ಕಂಡಿರಲಿಲ್ಲ ಎಂದೆ. ನಂಬಿದರೋ ಬಿಟ್ಟರೋ ಮುಖದಲ್ಲಿ ಗೊತ್ತಾಗಲಿಲ್ಲ.

ಮನೋಹರ ಅವರಿಗೆ ಹೇಳಿದ್ದು ಒಂದೇ ಮಾತು. "ಕೆಲಸ ಕೇಳಾಕ ಹೋಗಿದ್ದು ಖರೆ ರೀ. ಒಂದ ಮಗ್ಗದ ಮ್ಯಾಲೆ ಮೂರು ಮಂದಿ ಹೆಂಗ ಬದುಕೋದು? ಕದ್ದಿಲ್ಲ. ತಂಗೀನ ನಂಬಲಿಲ್ಲಂದ್ರ ನೀವ್ಯಾಕ ನಂಬ್ತೀರಿ?"

ನಾವಿಬ್ಬರೂ ಲಕ್ಷ್ಮೇಶ್ವರಕ್ಕೆ ಹೋದೆವು. ವೀರೇಶ ಮೃದುವಾಗಿ ಮಾತಾಡಿದ. ತನ್ನ ಅಳಿಯ ಲ್ಯಾಪ್‌ಟಾಪಿನಲ್ಲಿ ಅದೇ ನಿಯಮ ಓಡಿಸಿದನಂತೆ, ಅದೇ ಅಂಚು ಬಂತಂತೆ. ನಿಯಮ ಯಾರಪ್ಪನದೂ ಅಲ್ಲವಲ್ಲ ಎಂದು ನಕ್ಕ. ಮಾತೇನೋ ನಿಜ. ಅದೇ ಮೊದಲ ಸಾಲು ಅಳಿಯನಿಗೂ ಹೊಳೆದಿರಲಿಲ್ಲ ಎಂದು ಸಾಧಿಸುವುದು ಹೇಗೆ?

ನೀಲಗಂಗವ್ವ ಒಂದು ಸೀರೆ ಬಿಚ್ಚಿ ಅಂಚಿನ ಮೇಲೆ ಬೆರಳಾಡಿಸುತ್ತಿದ್ದರು. ಒಂದು ಕಡೆ, ಗೋಪುರಗಳ ನಡುವಿನ ಕಪ್ಪು ಬಯಲಿನಲ್ಲಿ, ಒಂಟಿ ಕೆಂಪು ಚುಕ್ಕೆ. ಇನ್ನೊಂದು ಮೊಳ ಸರಿಸಿದರೆ ಮತ್ತೆ ಅದೇ ಚುಕ್ಕೆ, ಅದೇ ಜಾಗದಲ್ಲಿ. ಪವರ್‌ಲೂಮ್ ಮಾಲಿನ ಹಣೆಬರಹ ಎಂದುಕೊಂಡೆ ನಾನು.

"ಈ ಚುಕ್ಕಿ ಏನ್ರಿ, ಸಾವಕಾರ್ರ?"

"ಡಿಸೈನ್ ರೀ ಅಕ್ಕಾರ. ಲ್ಯಾಪ್‌ಟಾಪ್‌ದಾಗ ಹೆಂಗ ಬಂತೋ ಹಂಗ ನೇಸೇನಿ. ಒಂದು ಎಳಿ ಆಕಡೆ ಈಕಡೆ ಮಾಡಿಲ್ಲ."

ಆ ಸೀರೆಯನ್ನು ಕೊಂಡು ಬೆಟಗೇರಿಗೆ ಬಂದೆವು. ಸಪ್ನಾ ಮುಟ್ಟಲೂ ಒಲ್ಲೆ ಎಂದು ಮುಖ ತಿರುಗಿಸಿದಳು. ಅವಳ ತಾಯಿ ಯಮನವ್ವ ಮಾತ್ರ ತೊಡೆಯ ಮೇಲೆ ಹರಡಿಕೊಂಡರು. ಅವರ ಬೆರಳು ಅಂಚಿನ ಮೇಲೆ ಒಂದು ಕಡೆ ನಿಂತಿತು. ಸರ್ರನೆ ಮಡಿಚಿ ಎದ್ದರು, ಕಣ್ಣು ಕಾಣಿಸುವುದಿಲ್ಲ ಎಂದರು. ನೀಲಗಂಗವ್ವ ಅವರ ಹಿಂದೆಯೇ ಅಡುಗೆಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮರುದಿನ ಎಲ್ಲರೂ ಆ ಮನೆಯಲ್ಲಿ ಸೇರಿದೆವು. ರಾಜಿ ಮಾತೆಂದು ತಿಳಿದು ವೀರೇಶನೂ ಬಂದ. ಮನೋಹರ ಹೊಸ್ತಿಲಾಚೆಯೇ ನಿಂತ.

ಯಂತ್ರ ಎಬ್ಬಿಸಲು ನಾನು ಅಂಗಡಿಯಿಂದ ಇನ್ನೊಂದು ಫ್ಲಾಪಿ ತಂದಿದ್ದೆ. ಪ್ರೋಗ್ರಾಂ ಚಿಕ್ಕದು, ಸಪ್ನಾ ನೆನಪಿನಿಂದಲೇ ಮತ್ತೆ ಟೈಪ್ ಮಾಡಿದಳು. ಮೊದಲ ಸಾಲು ಎಲ್ಲಿಂದ ತರುವುದು?

"ಸಾವಕಾರ್ರ ಸೀರ್ಯಾಗ ಐತಲ್ಲ," ಎಂದರು ನೀಲಗಂಗವ್ವ. "ಓದು."

ವೀರೇಶನ ಸೀರೆಯ ಅಂಚಿನ ಮೊದಲ ಸಾಲನ್ನು ಸಪ್ನಾ ಸೂಜಿಯ ತುದಿಯಿಂದ ಓದಿದಳು: ಕೆಂಪು ಬೆಳಗಿದ್ದು, ಕಪ್ಪು ಆರಿದ್ದು. ನಾನು ಕೀಲಿ ಒತ್ತಿದೆ. ಹಳೇ ಯಂತ್ರ ಏದುಸಿರು ಬಿಡುತ್ತ ಒಂದೊಂದೇ ಸಾಲು ಇಳಿಸಿತು. ಸೀರೆಗೂ ಪರದೆಗೂ ತಾಳೆಯಾಗುತ್ತ ಬಂತು. ಆಮೇಲೆ ಸಪ್ನಾಳ ಸೂಜಿ ನಿಂತಿತು.

"ಇಲ್ಲಿ ಸೀರ್ಯಾಗ ಕೆಂಪೈತಿ. ಪರದೆದಾಗ ಕಪ್ಪು."

"ಅದರ ಕೆಳಗ?"

"ಕೆಳಗ... ಎಲ್ಲಾ ಕೂಡತೈತಿ."

"ಈಗ ಆ ಮನಿ ಬೆಳಗಿಸಿ ಅಲ್ಲಿಂದ ಓಡಸು."

ಓಡಿಸಿದಳು. ಆ ಒಂದು ಮನೆಯಿಂದ ಕೆಳಗೆ ತಪ್ಪು ಎರಡೂ ಕಡೆ ಹರಡಿತು. ಹಳೇ ಗೋಪುರಗಳು ಒಡೆದು ಬೇರೆಯವೇ ಎದ್ದವು. ಅಂಚಿನ ಗುರುತೇ ಸಿಗಲಿಲ್ಲ.

ನೀಲಗಂಗವ್ವ ವೀರೇಶನ ಕಡೆ ನೋಡಿದರು. "ಮಶೀನ್ ಒಂದು ತಪ್ಪು ಮಾಡಿದ್ರ ಅದರ ಮಕ್ಕಳು ಮೊಮ್ಮಕ್ಕಳೆಲ್ಲಾ ಆ ತಪ್ಪು ಹೊರತಾವ. ನಿಮ್ಮ ಸೀರ್ಯಾಗ ತಪ್ಪು ಅಲ್ಲೇ ಹುಟ್ಟಿ ಅಲ್ಲೇ ಸತ್ತೈತಿ. ಯಾವ ಲ್ಯಾಪ್‌ಟಾಪೂ ಇದನ್ನ ಮಾಡಾಕ ಬರಂಗಿಲ್ಲ. ಇದು ಕೈಲೆ ಹಾಕಿದ ಎಳಿ. ಯಮನವ್ವಾ, ಹೇಳು."

ಯಮನವ್ವ ಸೆರಗಿನ ತುದಿ ಸುತ್ತುತ್ತ ಹೇಳಿದರು. ಹೊಸ ಅಂಚಿನ ಮೊದಲ ಸೀರೆಗೆ ಕಣ್ಣು ಬೀಳಬಾರದೆಂದು ಒಂದು ತಪ್ಪು ಎಳೆ ಸೇರಿಸುವುದು ಆ ಮನೆಯ ಪದ್ಧತಿ, ದೃಷ್ಟಿ ಎಳೆ. ಲೆಕ್ಕ ಕೆಡಿಸಬೇಡವೆಂದು ಸಪ್ನಾ ಬೈದಿದ್ದಳು. ತಾಯಿ ಅವಳು ಇಲ್ಲದಾಗ ಸೇರಿಸಿದ್ದರು.

"ಈ ಎಳಿ ಕಂಡ ಕೂಡಲೆ, ನಮ್ಮ ಸೀರಿ ನೋಡೇ ಮಾಡ್ಯಾರಂತ ನನಗ ನಿನ್ನೆನ ತಿಳೀತು. ಹೇಳಿದ್ರ ನನ್ನ ಮಗನ ಮ್ಯಾಲೆ ಬರ್ತೈತಂತ ಅಂಜಿದ್ನಿ."

ವೀರೇಶ ತಕ್ಷಣ ಆ ಮಾತು ಹಿಡಿದ. ಹಾಗಾದರೆ ಮನೋಹರನೇ ಮಾರಿದ್ದು, ತನಗೆ ಗೊತ್ತಿರಲಿಲ್ಲ ಎಂದ. ಎಲ್ಲರ ಕಣ್ಣೂ ಹೊಸ್ತಿಲ ಕಡೆ ಹೋದವು.

"ಮನೋಹರಾ, ಇದೇನು?" ನೀಲಗಂಗವ್ವ ಸೀರೆ ಎತ್ತಿ ಚುಕ್ಕೆ ತೋರಿಸಿದರು.

"ಅವ್ವನ ದೃಷ್ಟಿ ಎಳಿ," ಎಂದ ಅವನು, ದೂರದಿಂದಲೇ. "ಇದನ್ನ ಯಾರರ ಡಿಸೈನ್‌ದಾಗ ಹಾಕತಾರೇನು?"

"ಕೇಳಿದ್ರ್ಯಾ? ನೇಕಾರ ಕದ್ರ ಇದೊಂದು ಎಳಿ ಬಿಟ್ಟು ಕದೀತಾನ. ಅವಂಗ ಸೀರಿ ನೋಡೋದೂ ಬೇಕಾಗಿಲ್ಲ, ಪರದೆ ದಿನಾ ಕಣ್ಣಮುಂದ ಐತಿ. ಶಫೀಕ ಕಂಡಿದ್ದೂ ಪರದೆನ, ಅದರಾಗ ಈ ಚುಕ್ಕಿ ಇಲ್ಲ. ಚುಕ್ಕೀನ ಡಿಸೈನ್ ಅಂತ ತಿಳಿದಾಂವ ಸೀರಿ ಕಂಡಾಂವ, ಆದ್ರ ಮಗ್ಗದ ಮುಂದ ಕುಂತಾಂವ ಅಲ್ಲ. ಆ ಮೊದಲನೇ ಸೀರಿ ಮಾರಾಕ ಒಯ್ದಾಂವ ಯಾರು, ಸಾವಕಾರ್ರ? ಮೊದಲ ಸಾಲು ಇಲ್ಲಿದ್ರ ಯಾರರ ಅದನ್ನ ನಿಮ್ಮ ಸೀರಿಗೆ ತಾಳೆ ನೋಡತಾರಂತ ಅಂಜಿ, ಚಾ ಕುಡಿಯಾಕ ಬಂದು ಫ್ಲಾಪಿ ಒಯ್ದಾಂವ ಯಾರು?"

ಫ್ಲಾಪಿ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿದೆ, ಕಳಿಸುತ್ತೇನೆ ಎಂದ ವೀರೇಶ, ಕುರ್ಚಿಯ ಕೈ ಸವರುತ್ತ. ಕಳಿಸುವುದು ಬೇಡ, ನಾವೇ ಬರುತ್ತೇವೆ, ಸಂಗಡ ನೇಕಾರರ ಸಂಘದವರೂ ಬರುತ್ತಾರೆ ಎಂದು ನೀಲಗಂಗವ್ವ ಅವನನ್ನು ಎಬ್ಬಿಸಿದರು.

ಸಪ್ನಾ ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಿದ್ದಳು, ಒಂದು ತಪ್ಪಿನಿಂದ ಕೆಳಗೆಲ್ಲ ಕೆಟ್ಟುಹೋದ ಅಂಚನ್ನು. ಅವಳು ಎದ್ದಳು. ತಾಯಿಯ ನೂಲಿನ ಬುಟ್ಟಿಯಿಂದ ಒಂದು ಕೆಂಪು ಎಳೆ ಕಿತ್ತು, ಹೊಸ್ತಿಲ ತನಕ ಹೋಗಿ ಅಣ್ಣನ ಮುಂದೆ ಹಿಡಿದಳು.

"ನಾಳಿ ಹೊಸ ಸೀರಿ ಹಚ್ಚೋಣು. ದೃಷ್ಟಿ ಎಳಿ ನೀನ ಹಾಕು, ಅಣ್ಣಾ."

ಮನೋಹರ ಎಳೆಯನ್ನು ತೆಗೆದುಕೊಂಡು ಒಳಗೆ ಬಂದ.