ಸೋಮವಾರ ಸತ್ತವನು

೨೦೦೧ರ ಫೆಬ್ರವರಿ ೮, ಗುರುವಾರ. ಬೆಳಿಗ್ಗೆ ಹತ್ತೂಕಾಲಿಗೆ ಮಣಿಪಾಲ ಠಾಣೆಗೆ ಖಾಸಗಿ ಆಸ್ಪತ್ರೆಯೊಂದರಿಂದ ದೂರು ಬಂತು. ತೀವ್ರ ನಿಗಾ ಘಟಕದಲ್ಲಿದ್ದ ಸೋಮಲಿಂಗ ಎಂಬ ಕೂಲಿ ಕಾರ್ಮಿಕನ ಉಸಿರಾಟದ ಕೊಳವೆಯನ್ನು ಯಾರೋ ಕಿತ್ತಿದ್ದಾರೆ, ರೋಗಿ ಮೃತಪಟ್ಟಿದ್ದಾನೆ ಎಂದಿತ್ತು.

ಇನ್ಸ್‌ಪೆಕ್ಟರ್ ವ್ಯಾಲೆಂಟೈನ್ ಕಾನ್‌ಸ್ಟೇಬಲ್ ಶೇಖರನೊಂದಿಗೆ ಹೋದರು. ಹಾಸಿಗೆಯ ಮೇಲೆ ಶವ ಪದ್ಮಾಸನ ಹಾಕಿ, ದಿಂಬುಗಳಿಗೆ ಒರಗಿ ಕುಳಿತಿತ್ತು. ಹಣೆಯ ಮೇಲೆ ವಿಭೂತಿ.

"ನಾವು ಕೂರಿಸಿದ್ದಲ್ಲ ಸರ್," ಎಂದರು ವೈದ್ಯೆ ಮುರ್ಶಿದಾ. "ಆಚೆ ಹಾಸಿಗೆಯವರ ಎದೆ ಒತ್ತುತ್ತಾ ಇದ್ದೆವು. ಇವರ ಯಂತ್ರದ ಗಂಟೆ ಹೊಡೆದದ್ದು ಕೇಳಿಸಿತು, ಬಿಟ್ಟು ಬರಲಿಕ್ಕೆ ಆಗಲಿಲ್ಲ. ಬಂದು ನೋಡುವಾಗ ಹೃದಯ ನಿಂತಿತ್ತು."

"ಮೊದಲು ಜೀವ ಇತ್ತಲ್ಲ?"

"ಮೆದುಳು ಸೋಮವಾರವೇ ಸತ್ತಿತ್ತು. ನಿಟ್ಟೆಯಲ್ಲಿ ಗೋಡೆಯ ಸಾರಣೆಗೆ ಕಟ್ಟಿದ ಅಟ್ಟದಿಂದ ಬಿದ್ದವರು. ವೈದ್ಯರ ಲೆಕ್ಕದಲ್ಲಿ ಆವತ್ತೇ ಸತ್ತಿದ್ದಾರೆ."

"ಸತ್ತವನಿಗೆ ಕೊಳವೆ ಯಾಕೆ?"

"ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದ್ದರೆ ಮೆದುಳಿನ ಸಾವನ್ನೇ ಮರಣ ಅಂತ ಬರೆಯಲಿಕ್ಕೆ ಕಾನೂನು ಉಂಟು. ಅವರು ಒಪ್ಪಲಿಲ್ಲ. ಹಾಗಾಗಿ ಹೃದಯ ನಿಲ್ಲುವ ತನಕ ಕಾಯುವುದು."

"ಅಂದರೆ ಮೂತ್ರಪಿಂಡ ಕೊಟ್ಟಿದ್ದರೆ ಸೋಮವಾರ ಸತ್ತ, ಕೊಡದ ಕಾರಣ ಇವತ್ತು ಸತ್ತ?"

"ಕಾನೂನಿನಲ್ಲಿ ಹಾಗೆ."

"ಎಂತ ಕಾನೂನು ಮಾರಾಯ್ರೆ ಇದು! ನಾನು ಎಫ್‌ಐಆರ್‌ನಲ್ಲಿ ಎಂತ ಬರೆಯಲಿ? ಕೊಲೆ ಅಂತಲಾ, ಹೆಣದ ಮೈ ಮುಟ್ಟಿದ ಅಂತಲಾ?"

"ಪ್ರಾಣ ಯಾವಾಗ ಹೋಯಿತು ಅಂತ ದೇವರಿಗೇ ಗೊತ್ತು ಸರ್."

"ದೇವರ ಹೇಳಿಕೆ ಪಡೆಯಲಿಕ್ಕೆ ಆಗುವುದಿಲ್ಲ ಡಾಕ್ಟ್ರೆ. ನನಗೆ ಸತ್ತ ಸಮಯ ಬೇಕು."

ಭೇಟಿಯ ಸಮಯದಲ್ಲಿ ಒಳಗೆ ಹೋದವರು ಇಬ್ಬರು: ಗುತ್ತಿಗೆದಾರನ ಮೇಸ್ತ್ರಿ ವಾಸು ಮತ್ತು ಸೋಮಲಿಂಗನ ತಂದೆ ಬಸಯ್ಯ. ವಾಸುವನ್ನು ಮೊದಲು ವಿಚಾರಿಸಿದರು.

"ಮುಖ ನೋಡಿ ಬಂದದ್ದಷ್ಟೆ ಸರ್. ಆಗ ಮಲಗಿದ್ದ. ಎದೆ ಮೇಲೆ ಕೆಳಗೆ ಆಗ್ತಾ ಇತ್ತು."

"ನಿನ್ನ ನಂತರ?"

"ಬಸಯ್ಯಜ್ಜ ಹೋದರು."

ಬಸಯ್ಯ ಆಸ್ಪತ್ರೆಯಲ್ಲಿರಲಿಲ್ಲ. ಸೋಮಲಿಂಗನ ಹೆಂಡತಿ ಅನ್ನಪೂರ್ಣ ಜಗಲಿಯಲ್ಲಿ ಕುಳಿತಿದ್ದಳು.

"ಗಂಡನನ್ನು ಕೂರಿಸಿದ್ದು ಯಾರಮ್ಮ?"

"ನಮ್ಮಾಗ ಸತ್ತವ್ರನ್ನ ಮಲಗಸೂದಿಲ್ರಿ. ಮೈ ಸೆಟೆಯೂದ್ರಾಗ ಕುಂಡ್ರಸಬೇಕು, ಕುಂತಂಗೇ ಮಣ್ಣು ಮಾಡಬೇಕು." ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. "ಮಾವನಾರು ಮೂರು ದಿನದಿಂದ ಕೂಳು ಮುಟ್ಟಿಲ್ರಿ. ನನ ಮಗನ ಹೆಣ ಅಡ್ಡ ಮಲಗಸ್ಯಾರ ಅಂತ ಒಂದೇ ಮಾತು."

"ಈಗ ಎಲ್ಲಿದ್ದಾರೆ?"

"ನಿಟ್ಟ್ಯಾಗ. ಕುಣಿ ತೋಡಾಕ."

ಶವ ಪಂಚನಾಮೆ ಮುಗಿಸಿ ದೇಹವನ್ನು ಉಡುಪಿಯ ಶವಾಗಾರಕ್ಕೆ ಕಳುಹಿಸಿ, ಜೀಪು ಕಾರ್ಕಳದ ದಾರಿ ಹಿಡಿಯಿತು. ಕೂಲಿಯವರ ಶೆಡ್ಡುಗಳ ಹಿಂದೆ, ಮಾಲೀಕನನ್ನು ಬೇಡಿ ಪಡೆದ ತುಂಡು ಜಾಗದಲ್ಲಿ, ಬಸಯ್ಯ ಸೊಂಟದವರೆಗೆ ಗುಂಡಿಯಲ್ಲಿ ನಿಂತು ಗಟ್ಟಿ ಕೆಂಪು ಮುರಕಲ್ಲಿಗೆ ಪಿಕ್ಕಾಸು ಹಾಕುತ್ತಿದ್ದ.

"ಕೊಳವೆ ಕಿತ್ತದ್ದು ನೀವಾ?"

"ಹೌದ್ರಿ ಸಾಹೇಬ್ರ."

"ಯಾಕೆ?"

"ನಿಮ್ಮ ಮಗ ಇಲ್ಲ ಅಂತ ಡಾಕ್ಟರಮ್ಮಾರು ಸೋಮವಾರ ಹೇಳಿದ್ರು. ಮತ್ತ್ಯಾಕ ಗಾಳಿ ಊದ್ತೀರಿ, ಹೆಣ ಕೊಡ್ರಿ ಅಂದ್ನಿ. ಕೊಡಲಿಲ್ಲ." ಅವನು ಬೆವರು ಒರೆಸಿಕೊಂಡ. "ನನ್ನ ಮ್ಯಾಲ ಏನ್ ಕೇಸ್ರಿ?"

"ಕೊಲೆ."

"ಸತ್ತವನ್ನ ಹ್ಯಾಂಗ ಕೊಂದೆ ನಾ?"

ಶೇಖರ ಬೇಡಿ ತೆಗೆದಾಗ ವ್ಯಾಲೆಂಟೈನ್ ಅದನ್ನು ಒಳಗಿಡು ಎಂದು ಗದರಿದರು.

"ಇನ್ನೊಂದು ಮೊಳ ತೋಡಬೇಕ್ರಿ. ಮುಗಿಸಿ ಬರ್ತೀನಿ," ಎಂದ ಬಸಯ್ಯ.

"ಮುಗಿಸಿ."

ಅವರು ಕಲ್ಲಿನ ರಾಶಿಯ ಮೇಲೆ ಕುಳಿತರು. ಸಂಜೆ ನಾಲ್ಕೂವರೆಗೆ ಬಸಯ್ಯ ಮೇಲೆ ಬಂದು ಮೈಯ ಮಣ್ಣು ಕೊಡವಿಕೊಂಡ. ಐಪಿಸಿ ೩೦೨ರ ಅಡಿ ದಸ್ತಗಿರಿ ಮಾಡಲಾಯಿತು. ಮರಣದ ಸಮಯ ಎಂಬಲ್ಲಿ ಗುರುವಾರ ಎಂದು ಬರೆದ ಇನ್ಸ್‌ಪೆಕ್ಟರ್, ಡಾ. ಮುರ್ಶಿದಾ ಅವರ ಹೇಳಿಕೆಯನ್ನೂ ಲಗತ್ತಿಸಿದರು. ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಬಸಯ್ಯನಿಗೆ ಮಗನ ಮೇಲೆ ಬೇಸರವಿರಲಿಲ್ಲ, ಆಸ್ಪತ್ರೆಯ ಮೇಲೆ ಸಿಟ್ಟೂ ಇರಲಿಲ್ಲ. ಸತ್ತನೆಂದು ಹೇಳಿದವರ ಮಾತನ್ನು ಅವನೊಬ್ಬನೇ ಪೂರ್ತಿ ನಂಬಿದ್ದ.

ಮರಣೋತ್ತರ ಪರೀಕ್ಷೆ ಮುಗಿದು ಶನಿವಾರ ಶವ ಕೈಗೆ ಸಿಕ್ಕಿತು. ಶವಾಗಾರದಲ್ಲಿ ಮಲಗಿಸಿಟ್ಟಿದ್ದರಿಂದ ಕಾಲುಗಳು ಸೆಟೆದು ಮಡಚಲು ಬರಲಿಲ್ಲ. ಅನ್ನಪೂರ್ಣ ನೋಡುತ್ತಾ ನಿಂತಿರುವಾಗ ಕೂಲಿಯವರು ಪಿಕ್ಕಾಸು ತಂದು ಗುಂಡಿಯನ್ನು ಮಲಗಿಸುವಷ್ಟು ಉದ್ದಕ್ಕೆ ಅಗೆದರು.