ಪರಸೋಂ ಅಂದರೆ ಯಾವತ್ತು

ದಸರಾ ಸೂಟಿ ಮುಗಿದು ಶಾಲೆ ಶುರುವಾದ ಶನಿವಾರ ಮಧ್ಯಾಹ್ನ ಗೇಟಿನ ಹೊರಗೆ ಜಯತೀರ್ಥ ನನ್ನ ಕೈಗೆ ಗೋಡಂಬಿ ಪೊಟ್ಟಣ ಕೊಟ್ಟು, "ಕಂಗ್ರಾಚುಲೇಶನ್ಸ್ ರೀ" ಎಂದ.

"ಯಾತಕ್ಕ?"

"ಮದಿವಿ ಗೊತ್ತಾತಲ್ರೀ."

ನನ್ನ ಮೈಯೆಲ್ಲ ಉರಿಯಿತು. ಎರಡು ವರ್ಷದಿಂದ ಸ್ಟಾಫ್ ರೂಮಿನಲ್ಲಿ ಎದುರಿಗೆ ಕೂತು, ಹಾಜರಿ ಪುಸ್ತಕದ ಮೇಲಿಂದ ಕದ್ದು ನೋಡಿ, ಸಿಕ್ಕಿಬಿದ್ದರೆ ಗಡಿಯಾರ ನೋಡಿದಂತೆ ನಟಿಸುವ ಮನುಷ್ಯ ಇವನು. ನನ್ನ ಹಿಂದಿನ ಗೋಡೆಯಲ್ಲಿ ಗಡಿಯಾರವೇ ಇಲ್ಲ. ಸೂಟಿಗೆ ಮುಂಚೆ, "ತಿರುಗಿ ಬಂದ ಕೂಡ್ಲೇ ಕಮಲಾಪುರಕ್ಕ ಹೋಗಿ ನಿಮ್ಮಪ್ಪನ್ನ ಕೇಳ್ತೀನಿ" ಎಂದು ಮಾತು ಕೊಟ್ಟಿದ್ದ. ಆಮೇಲೆ ಮೋಮಿನಪುರದ ಗೆಳೆಯ ಸಲಾವುದ್ದೀನನ ಜೊತೆ ಮೋಟರ್ ಸೈಕಲ್ ಹತ್ತಿ, ಗೆಳೆಯರ ಮನೆಗಳಲ್ಲಿ ಉಳಿಯುತ್ತ, ಕಾರವಾರದಿಂದ ಮಂಗಳೂರಿನ ತನಕ ಸಮುದ್ರದ ದಂಡೆ ಸುತ್ತಲು ಹೋದ.

ಅಷ್ಟರಲ್ಲಿ ಅಪ್ಪ ಬೀದರಿನ ಗಂಡಿಗೆ ನನ್ನನ್ನು ತೋರಿಸಲು ದಿನ ಗೊತ್ತುಮಾಡಿದರು. ನಾನು ಸೇಡಂ ರಸ್ತೆಯ ಎಸ್‌ಟಿಡಿ ಬೂತಿನಿಂದ ಭಟ್ಕಳಕ್ಕೆ, ಸಲಾವುದ್ದೀನನ ಖಾಲಾ, ಅಂದರೆ ಚಿಕ್ಕಮ್ಮ, ಜೈನಾಬಿಯ ಮನೆಗೆ ಫೋನು ಮಾಡಿದೆ. ಇವರಿಬ್ಬರೂ ಅಂದು ಸಂಜೆ ಅಲ್ಲಿಗೆ ಬರುವವರಿದ್ದರು. ಖಾಲಾಗೆ ಕನ್ನಡ ಅಷ್ಟಕ್ಕಷ್ಟೆ. ಗಂಡಿನವರು ನನ್ನನ್ನು ನೋಡುವ ಸುದ್ದಿಯನ್ನು ಜಯತೀರ್ಥನಿಗೆ ಮುಟ್ಟಿಸಲು ನನ್ನ ಹರಕು ಉರ್ದುವಿನಲ್ಲಿ, "ಜಯತೀರ್ಥ ಕೂ ಬೋಲೋ, ಮುಜೇ ದೇಖ್ನೇಕು ಲಡ್ಕೇವಾಲೇ ಪರಸೋಂ..." ಎನ್ನುವಷ್ಟರಲ್ಲಿ ಲೈನ್ ಕಟ್ಟಾಯಿತು. ಮತ್ತೆ ಸಿಗಲೇ ಇಲ್ಲ.

"ಪರಸೋಂ ಬಂದಿದ್ರು ಅಂದ್ರು ಖಾಲಾ," ಎಂದ ಜಯತೀರ್ಥ. "ಮೊನ್ನೆನೇ ನೋಡಿ ಹೋಗ್ಯಾರ, ಎಲ್ಲಾ ಮುಗೀತು ಅಂತ ತಿಳಕೊಂಡೆ."

"ನಾಡದ ಬರ್ತಾರ ಅಂತ ಹೇಳಾಕತ್ತಿದ್ದೆ ನಾ."

ಉರ್ದುವಿನಲ್ಲಿ ಮೊನ್ನೆಗೂ ನಾಡಿದ್ದಿಗೂ ಅದೊಂದೇ ಮಾತು. ಕಲಬುರ್ಗಿಯ ನೀರು ಕುಡಿದವರಿಗೆಲ್ಲ ಗೊತ್ತಿರುವ ಸಂಗತಿ. ಇವನಿಗೆ ಮೊನ್ನೆಯೇ ಯಾಕೆ ಕೇಳಿಸಬೇಕು?

ಅವನ ಮುಖ ಬಿಳಚಿತು. "ಮತ್ತ... ಅವರು?"

"ಬಂದ್ರು. ಉಪ್ಪಿಟ್ಟು ತಿಂದ್ರು. ಎಲ್ಲರ ಮುಂದ ನಾ ಒಲ್ಲೆ ಅಂದೆ. ಹತ್ತು ದಿನ ಆತು, ಅಪ್ಪ ನನ್ ಕೂಡ ಮಾತು ಬಿಟ್ಟಾರ. ಸೋಮವಾರ ಬೀದರಕ್ಕ ಹೋಗಿ ತಾವೇ ಹೂಂ ಅಂತ ಹೇಳಿ ಬರ್ತಾರಂತ."

"ನನಗ ಸಿಟ್ಟು ಬಂದಿತ್ರಿ. ಅದಕ್ಕ ಹಂಗೇ ಮುಂದ ಮಂಗಳೂರಿಗೆ ಹ್ವಾದೆ."

ಸಿಟ್ಟಂತೆ. ಮೊನ್ನೆ ಎಂದೇ ಇಟ್ಟುಕೊಳ್ಳೋಣ, ಯಾರೋ ನೋಡಿ ಹೋದರೆ ಮದುವೆಯೇ ಆಗಿಹೋಯಿತೇ? ಗಾಡಿ ತಿರುಗಿಸಿ ಬಂದು ಒಂದು ಮಾತು ಕೇಳಲು ಇವನಿಗೆ ಏನಾಗಿತ್ತು? ಅವನು ನನ್ನನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟನಲ್ಲ.

"ಗಾಡಿ ಚಾಲು ಮಾಡು. ಈಗೇ ಬಂದು ಅಪ್ಪನ್ನ ಕೇಳು."

"ಮಾಡು ಅಂದ್ರಿ," ಎಂದ. ತುಟಿಯಂಚಿನಲ್ಲಿ ಸಣ್ಣ ನಗು. ಎರಡು ವರ್ಷ ರೀ ಹಚ್ಚಿ ಮಾತಾಡಿದವಳು ನಾನು.

"ಅಂದೆ. ನಡಿ."

ಕಪನೂರ ದಾಟುವ ತನಕ ಬೈದೆ. ದಾಟಿದ ಮೇಲೂ ಬೈದೆ. ಗಾಡಿಯ ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಿದವು. ಬಿಸಿಲಿಗೆ ಸುಟ್ಟು ಕರ್ರಗಾದ ಮುಖ, ಇಳಿದುಹೋದ ಕೆನ್ನೆ. ರಸ್ತೆಯ ತಗ್ಗಿನಲ್ಲಿ ಗಾಡಿ ಎಗರಿದಾಗ ಅವನ ಹೆಗಲು ಹಿಡಿದೆ, ತಗ್ಗು ಹೋದರೂ ಕೈ ತೆಗೆಯಲಿಲ್ಲ. ಸಿಟ್ಟು ಬೇರೆ, ಹೆಗಲು ಬೇರೆ.

ಅಪ್ಪ ಮನೆಯ ಕಟ್ಟೆಯ ಮೇಲೆ ಪೇಪರು ಓದುತ್ತಿದ್ದರು. ಜಯತೀರ್ಥ ಕಾಲಿಗೆ ನಮಸ್ಕಾರ ಮಾಡಿ, ತನ್ನ ಹೆಸರು, ಊರು, ಕೆಲಸ ಹೇಳಿ, "ನಿಮ್ಮ ಮಗಳನ್ನ ಮದಿವಿ ಆಗಬೇಕಂತೀನ್ರಿ" ಎಂದ.

ಅಪ್ಪ ಕನ್ನಡಕ ತೆಗೆದರು. "ಎಲ್ಲರ ಮುಂದ ಆಕಿ ಒಬ್ಬಾಕಿನೇ ನಿಂತು ಒಲ್ಲೆ ಅಂದಾಗ ನೀವೆಲ್ಲಿದ್ರಿ?"

"ಮಲ್ಪೆದಾಗ ರೀ. ಗೆಳ್ಯಾನ ಮನ್ಯಾಗ."

"ಏನ್ ಮಾಡಾಕತ್ತಿದ್ರಿ?"

ಜಯತೀರ್ಥ ತಲೆ ತಗ್ಗಿಸಿದ. "ಅಳಾಕತ್ತಿದ್ದೆ ರೀ. ಮೂರು ದಿನ ಊಟ ಸೇರಲಿಲ್ಲ. ಈ ಹಾಲತ್‌ದಾಗ ಗಾಡಿ ಮುಟ್ಟಬ್ಯಾಡ ಅಂತ ಸಲಾವುದ್ದೀನ ಕೀಲಿಕೈ ಕಸ್ಕೊಂಡಿದ್ದ."

ಅಪ್ಪ ಅವನನ್ನೂ ನೋಡಿದರು, ನನ್ನನ್ನೂ ನೋಡಿದರು. ಹತ್ತು ದಿನದ ಮೇಲೆ ನನ್ನ ಜೊತೆ ಮಾತಾಡಿದರು. "ಒಳಗ ಹೋಗಿ ಚಾ ಇಡು."

ನಾನು ಕದಲಲಿಲ್ಲ. ಜಯತೀರ್ಥನ ಕಡೆ ತಿರುಗಿದೆ. "ಅತ್ತಿದ್ದು ನನಗ್ಯಾಕ ಹೇಳಲಿಲ್ಲ?"

"ಮೂವತ್ತೆಂಟು ಕಿಲೋಮೀಟರ್ ನನಗ ಬಾಯಿ ತೆಗಿಯಾಕ ಬಿಟ್ರೇನ್ರೀ?"

"ಬಿಡಾಂಗಿಲ್ಲ ಆಕಿ," ಎಂದರು ಅಪ್ಪ. "ಮುಂದೂ ಬಿಡಾಂಗಿಲ್ಲ. ಛಂದಂಗ ವಿಚಾರ ಮಾಡಿ ಹೇಳ್ರಿ."

"ಮಾಡೀನ್ರಿ," ಎಂದ ಜಯತೀರ್ಥ.